ಹತ್ತಿಯ ಕೆಂಪು, ಗಾಜಿನ ಮೇಲೆ: ಕಾಂಗೋ ರೆಡ್ ಬಳಸುವ ಬಗೆ

ಕಾಂಗೋ ರೆಡ್ ಎಂಬ ಬಣ್ಣ ನನಗೆ ಮೊದಲ ಸಲ ಮುಖಭಂಗ ಮಾಡಿದ್ದು ಹತ್ತಿಯ ಎಳೆಯೊಂದರ ಮೂಲಕ. ರೋಗಶಾಸ್ತ್ರ ಪ್ರಯೋಗಾಲಯಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಮೂತ್ರಪಿಂಡದ ಬಯಾಪ್ಸಿಗೆ ಬಣ್ಣ ಹಾಕಿ, ಧ್ರುವೀಕೃತ ಬೆಳಕಿನಲ್ಲಿ, ಎಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಿನಲ್ಲಿ, ರೋಗದ ಗುರುತಾದ ಹಸಿರು ಹೊಳಪು ಕಂಡ ಕೂಡಲೇ ಓಡಿಹೋಗಿ ಹಿರಿಯ ವೈದ್ಯೆಯನ್ನು ಕರೆತಂದೆ. ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಫೋಕಸ್ ತಿರುಪನ್ನು ಒಂದಿಷ್ಟು ಮೇಲೆ ಕೆಳಗೆ ಮಾಡಿ, "ಇದು ರೋಗಿಯದ್ದಲ್ಲಮ್ಮ, ನೀನು ಗಾಜು ಒರೆಸಿದ ಬಟ್ಟೆಯದ್ದು" ಎಂದರು. ಎಳೆ ಅಂಗಾಂಶದ ಮೇಲೆ ಕೂತಿತ್ತು, ಒಳಗಿರಲಿಲ್ಲ. ರಿಬ್ಬನ್ನಿನಂತೆ ತಿರುಚಿಕೊಂಡ ಆ ಆಕಾರವನ್ನು ಆಮೇಲೆ ನಾನು ಎಲ್ಲಿ ಕಂಡರೂ ಗುರುತಿಸಬಲ್ಲೆ.

ಆ ಎಳೆ ಅಷ್ಟು ಚೆನ್ನಾಗಿ ಬಣ್ಣ ಹಿಡಿದದ್ದು ಆಕಸ್ಮಿಕವಲ್ಲ. ಈ ಬಣ್ಣ ಹುಟ್ಟಿದ್ದೇ ಹತ್ತಿಗಾಗಿ. ಅಂಗಾಂಶಕ್ಕೆ ಬಣ್ಣ ಹಾಕಲು ಕಲಿಯುವವರಿಗೆ ನಾನು ಮೊದಲು ಬಟ್ಟೆಯ ಕಥೆಯನ್ನೇ ಹೇಳುತ್ತೇನೆ. ಅದು ಅರ್ಥವಾದರೆ ವಿಧಾನದ ಪ್ರತಿ ಹೆಜ್ಜೆಯೂ ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ. ಇಲ್ಲವಾದರೆ ಗೋಡೆಗೆ ಅಂಟಿಸಿದ ಚೀಟಿ ನೋಡಿಕೊಂಡೇ ಇಡೀ ವೃತ್ತಿಜೀವನ ಕಳೆಯಬೇಕಾಗುತ್ತದೆ.

ಹತ್ತಿ ಬಣ್ಣಕ್ಕೆ ಸುಲಭವಾಗಿ ಒಲಿಯುವ ನಾರಲ್ಲ. 19ನೇ ಶತಮಾನದ ಬಣ್ಣಗಾರರು ಅದಕ್ಕೆ ಕೆಂಪು ಹಿಡಿಸಬೇಕಾದರೆ ಮೊದಲು ಪಟಿಕದಂಥ ಲೋಹದ ಲವಣವನ್ನು ಮಧ್ಯವರ್ತಿಯಾಗಿ ಕೂರಿಸಬೇಕಿತ್ತು. ವರ್ಣಬಂಧಕ ಎಂದು ಕರೆಯುವುದು ಇದನ್ನೇ. 1883ರಲ್ಲಿ ಜರ್ಮನಿಯ ಎಲ್ಬರ್‌ಫೆಲ್ಡಿನಲ್ಲಿ ಬಾಯರ್ ಕಂಪನಿಯ ನೌಕರನಾಗಿದ್ದ ಪೌಲ್ ಬ್ಯೋಟಿಗರ್ ಎಂಬ ರಸಾಯನಶಾಸ್ತ್ರಜ್ಞ, ಬೆಂಜಿಡೀನನ್ನು ನಾಫ್ತಯೋನಿಕ್ ಆಮ್ಲದೊಂದಿಗೆ ಕೂಡಿಸಿ ಹೊಸ ಕೆಂಪೊಂದನ್ನು ತಯಾರಿಸಿದ. ಅದು ಯಾವ ಮಧ್ಯವರ್ತಿಯೂ ಇಲ್ಲದೆ ನೇರವಾಗಿ ಹತ್ತಿಗೆ ಹತ್ತಿತು. ಅವನು ಪೇಟೆಂಟನ್ನು ತನ್ನದೇ ಹೆಸರಿನಲ್ಲಿ ಪಡೆದು ಬರ್ಲಿನ್ನಿನ ಆಗ್ಫಾ ಕಂಪನಿಗೆ ಮಾರಿದ. 1885ರಲ್ಲಿ ಆ ಬಣ್ಣ ಮಾರುಕಟ್ಟೆಗೆ ಬಂತು. ಯುರೋಪಿನ ದೇಶಗಳು ಆಫ್ರಿಕಾದ ಹಂಚಿಕೆಯ ನಿಯಮಗಳನ್ನು ಚರ್ಚಿಸಲು ಬರ್ಲಿನ್ನಿನಲ್ಲಿ ಸಭೆ ಸೇರಿದ್ದ ಕಾಲವದು. ಕಾಂಗೋ ಎಂಬ ಹೆಸರು ಎಲ್ಲ ಪತ್ರಿಕೆಗಳಲ್ಲೂ ಇತ್ತು. ಬಣ್ಣಕ್ಕೂ ಆ ಹೆಸರನ್ನೇ ಇಟ್ಟರು. ಅದಕ್ಕೂ ಕಾಂಗೋ ನದಿಗೂ ಬೇರಾವ ನಂಟೂ ಇಲ್ಲ.

ನೇರವಾಗಿ ಹತ್ತುವುದು ಹೇಗೆ? ಈ ಬಣ್ಣದ ಅಣು ಉದ್ದವಾಗಿ, ನೇರವಾಗಿ, ಚಪ್ಪಟೆಯಾಗಿದೆ. ಹತ್ತಿಯ ಸೆಲ್ಯುಲೋಸ್ ಸರಪಳಿಯೂ ಹಾಗೆಯೇ. ಬಣ್ಣದ ಅಣು ಆ ಸರಪಳಿಯ ಉದ್ದಕ್ಕೆ ಮೈಚಾಚಿ ಮಲಗುತ್ತದೆ. ಒಂದೊಂದೂ ದುರ್ಬಲವಾದ ಬಂಧಗಳೇ. ಆದರೆ ಉದ್ದಕ್ಕೂ ಹಲವಾರು ಸೇರಿ ಅಣುವನ್ನು ಬಿಗಿಯಾಗಿ ಹಿಡಿದಿಡುತ್ತವೆ. ತೊಡಕು ಇರುವುದು ವಿದ್ಯುದಂಶದಲ್ಲಿ. ನೀರಿನಲ್ಲಿ ಹತ್ತಿಯ ಮೈ ಸ್ವಲ್ಪ ಋಣ. ಬಣ್ಣದ ಎರಡು ತುದಿಗಳ ಸಲ್ಫೋನೇಟ್ ಗುಂಪುಗಳೂ ಋಣ. ಹತ್ತಿರ ಬಂದರೆ ಒಂದನ್ನೊಂದು ತಳ್ಳುತ್ತವೆ. ಅದಕ್ಕೇ ಬಣ್ಣದ ಬಾನಿಗೆ ಉಪ್ಪು ಸುರಿಯುವುದು. ಸೋಡಿಯಂ ಅಯಾನುಗಳು ನಡುವೆ ನಿಂತು ಜಗಳ ಬಿಡಿಸುತ್ತವೆ.

ಹೊಸಬರಿಗೆ ನಾನು ಮಾಡಿಸುವ ಮೊದಲ ಪ್ರಯೋಗ ಇಷ್ಟೇ. ಶೇಕಡ 0.1ರ ಕಾಂಗೋ ರೆಡ್ ದ್ರಾವಣವನ್ನು ಎರಡು ಬೀಕರುಗಳಲ್ಲಿ ತಲಾ 5 ಮಿ.ಲೀ. ಹಾಕಿ, 50 ಮಿ.ಲೀ. ನೀರು ಬೆರೆಸಿ. ಒಂದಕ್ಕೆ ಮಾತ್ರ 1 ಗ್ರಾಂ ಅಡುಗೆ ಉಪ್ಪು ಹಾಕಿ. ಎರಡರಲ್ಲೂ ಒಂದೇ ಅಳತೆಯ ಫಿಲ್ಟರ್ ಕಾಗದದ ಪಟ್ಟಿ ಇಳಿಬಿಟ್ಟು, ಕುದಿ ಬರದಂತೆ ಚೆನ್ನಾಗಿ ಬಿಸಿ ಮಾಡಿ ಹತ್ತು ನಿಮಿಷ ಬಿಡಿ. ತೆಗೆದು ನಲ್ಲಿಯ ಕೆಳಗೆ ತೊಳೆಯಿರಿ. ಉಪ್ಪಿನ ಬೀಕರಿನ ಪಟ್ಟಿ ಎದ್ದು ಕಾಣುವಷ್ಟು ಗಾಢವಾಗಿರುತ್ತದೆ. ಫಿಲ್ಟರ್ ಕಾಗದವೂ ಸೆಲ್ಯುಲೋಸ್ ತಾನೇ? ಈಗ ಅದೇ ಕೆಂಪು ಪಟ್ಟಿಯ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಡಿ. ಹನಿ ಬಿದ್ದ ಜಾಗ ನೀಲಿಯಾಗುತ್ತದೆ. ಅಡುಗೆ ಸೋಡಾದ ದ್ರಾವಣ ಹಾಕಿದರೆ ಕೆಂಪು ಮರಳುತ್ತದೆ.

ಬಟ್ಟೆಯ ಬಣ್ಣವಾಗಿ ಕಾಂಗೋ ರೆಡ್ ಬಾಳದಿರುವುದಕ್ಕೆ ಈ ನೀಲಿಯೂ ಒಂದು ಕಾರಣ. ಹುಳಿ ತಾಗಿದರೆ ಬಣ್ಣ ಬದಲಾಗುವ, ತೊಳೆದರೆ ಬಿಡುವ, ಬಿಸಿಲಿಗೆ ಮಾಸುವ ಅಂಗಿಯನ್ನು ಯಾರು ಉಡುತ್ತಾರೆ? ಅದಕ್ಕಿಂತ ದೊಡ್ಡ ಕಾರಣ ಅದರ ಎದೆಯಲ್ಲಿರುವ ಬೆಂಜಿಡೀನ್. ದೇಹಕ್ಕೆ ಸೇರಿದ ಬಣ್ಣವನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆದು ಬೆಂಜಿಡೀನನ್ನು ಬಿಡುಗಡೆ ಮಾಡುತ್ತವೆ. ಅದು ಮೂತ್ರಕೋಶದ ಕ್ಯಾನ್ಸರ್ ತರುವುದೆಂದು ಸಾಬೀತಾಗಿರುವ ವಸ್ತು. ಬೆಂಜಿಡೀನ್ ಆಗಿ ಒಡೆಯುವ ಬಣ್ಣಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತನ್ನ ಮೊದಲ ಗುಂಪಿಗೆ, ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಹಾಗಾಗಿ ಮನೆಯಲ್ಲಿ ನೂಲಿಗೋ ಬಟ್ಟೆಗೋ ಇದನ್ನು ಹಾಕುವ ಯೋಚನೆಯೇ ಬೇಡ. ಮೇಲಿನ ಪ್ರಯೋಗವೂ ಪ್ರಯೋಗಾಲಯದ ಒಳಗೆ, ಗವಸು ತೊಟ್ಟೇ.

ಅಪಾಯ ಹೆಚ್ಚಿರುವುದು ಪುಡಿಯಲ್ಲಿ. ತೂಗುವಾಗ ಫ್ಯಾನ್ ನಿಲ್ಲಿಸಿ, ಮುಖಗವಸು ಹಾಕಿ, ಸಾಧ್ಯವಿದ್ದರೆ ಫ್ಯೂಮ್ ಹುಡ್ ಒಳಗೆ ತೂಗಿ. ತಕ್ಕಡಿಯ ಸುತ್ತ ಒದ್ದೆ ಕಾಗದ ಹಾಸುವುದು ನನ್ನ ಅಭ್ಯಾಸ. ಬಿದ್ದ ಕಣ ಕಣ್ಣಿಗೆ ಕಾಣದಿದ್ದರೂ ಒದ್ದೆ ಕಾಗದದ ಮೇಲೆ ಕೆಂಪು ಚುಕ್ಕೆಯಾಗಿ ಅರಳುತ್ತದೆ. ನಾನು ಎಷ್ಟು ಜಾಗರೂಕಳೆಂದು ಭಾವಿಸಿಕೊಂಡಿದ್ದೆನೋ ಅಷ್ಟು ಜಾಗರೂಕಳಲ್ಲವೆಂದು ತಿಳಿದದ್ದು ಆ ಕಾಗದದಿಂದ. ಬಾಟಲಿ ಕೊಳ್ಳುವಾಗ ಹೆಸರನ್ನಷ್ಟೇ ನೋಡಬೇಡಿ. ಬಣ್ಣಗಳ ಪಟ್ಟಿಯಾದ ಕಲರ್ ಇಂಡೆಕ್ಸಿನ ಸಂಖ್ಯೆ 22120 ಇದೆಯೇ, ಪುಡಿಯಲ್ಲಿ ನಿಜವಾದ ಬಣ್ಣ ಶೇಕಡ ಎಷ್ಟು ಎಂಬುದನ್ನು ಲೇಬಲ್ಲಿನಲ್ಲಿ ಓದಿ. ಉಳಿದದ್ದು ಬರಿಯ ಲವಣವಾಗಿರಬಹುದು. ಹೊಸ ಬಾಟಲಿ ತೆರೆದಾಗಲೆಲ್ಲ ಹಳೆಯದರ ಜೊತೆಗಿಟ್ಟು ಪರೀಕ್ಷಿಸಿಯೇ ಬಳಕೆಗೆ ತೆಗೆದುಕೊಳ್ಳಿ.

ಈಗ ಅಂಗಾಂಶಕ್ಕೆ ಬರೋಣ. ನಾವು ಹುಡುಕುತ್ತಿರುವುದು ಅಮಿಲಾಯ್ಡ್. ತಪ್ಪಾಗಿ ಮಡಚಿಕೊಂಡ ಪ್ರೋಟೀನುಗಳು ಎಳೆಎಳೆಯಾಗಿ ಒಟ್ಟುಗೂಡಿ ಹೃದಯ, ಮೂತ್ರಪಿಂಡ, ನರ, ಮಿದುಳುಗಳಲ್ಲಿ ಶೇಖರವಾಗುವ ವಸ್ತು ಅದು. 1854ರಲ್ಲಿ ರುಡಾಲ್ಫ್ ವಿರ್ಕೋ ಅಯೋಡಿನ್ ಹಾಕಿ ನೋಡಿ, ಪಿಷ್ಟದಂತೆ ವರ್ತಿಸುತ್ತದೆಂದು ಈ ಹೆಸರು ಬಳಸಿದ. ಐದೇ ವರ್ಷಗಳಲ್ಲಿ, 1859ರಲ್ಲಿ, ಫ್ರೀಡ್ರೈಕ್ ಮತ್ತು ಕೆಕುಲೆ ಇದು ಪಿಷ್ಟವಲ್ಲ, ಪ್ರೋಟೀನಿನ ಜಾತಿಯದ್ದು ಎಂದು ತೋರಿಸಿದರು. ಹೆಸರು ಮಾತ್ರ ಹಾಗೆಯೇ ಉಳಿಯಿತು. 1922ರಲ್ಲಿ ಹ್ಯಾನ್ಸ್ ಬೆನ್‌ಹೋಲ್ಡ್ ಕಾಂಗೋ ರೆಡ್ ಅಮಿಲಾಯ್ಡಿಗೆ ಅಂಟುವುದನ್ನು ಕಂಡುಕೊಂಡ. ಪ್ರೋಟೀನಿನ ಉದ್ದನೆಯ ಎಳೆ, ಅದರ ಮೈಮೇಲಿನ ನೇರವಾದ ಗೀರುಗಳು, ಅವುಗಳ ಗುಂಟ ಸಾಲಾಗಿ ಮಲಗುವ ಬಣ್ಣದ ಅಣುಗಳು: ಹತ್ತಿಯ ಕಥೆಯೇ ಮತ್ತೊಮ್ಮೆ. ಅಣುಗಳು ಹೀಗೆ ಒಂದೇ ದಿಕ್ಕಿಗೆ ಮುಖ ಮಾಡಿ ಮಲಗಿರುವುದರಿಂದಲೇ ಧ್ರುವೀಕೃತ ಬೆಳಕಿನಲ್ಲಿ ಹಸಿರು ಕಾಣುವುದು. ಬೆಲ್ಜಿಯಂನ ಪೌಲ್ ಡಿವ್ರಿ 1927ರಲ್ಲಿ ಅದನ್ನು ವರದಿ ಮಾಡಿದ. ಆ ಹಸಿರಿಲ್ಲದೆ ಬರಿಯ ಕೆಂಪನ್ನು ನಂಬಬೇಡಿ.

ನಾನು ಅನುಸರಿಸುವುದು ಪುಕ್ಟ್ಲರ್ ಮತ್ತು ಸಂಗಡಿಗರು 1962ರಲ್ಲಿ ಪ್ರಕಟಿಸಿದ ಕ್ಷಾರೀಯ ವಿಧಾನ. ಇದಕ್ಕೂ ಹಿಂದಿನ ವಿಧಾನಗಳಲ್ಲಿ ಅಂಗಾಂಶಕ್ಕೆಲ್ಲ ಬಣ್ಣ ಹಿಡಿಸಿ, ಬೇಡವಾದದ್ದನ್ನು ಆಮೇಲೆ ಬಿಡಿಸುತ್ತಾರೆ. ಎಷ್ಟು ಬಿಡಿಸಬೇಕೆಂಬುದು ಕೈಯ ಅಂದಾಜು. ಕೈ ತುಸು ಹೆಚ್ಚಾದರೆ ಬೇಕಾದದ್ದೂ ತೊಳೆದುಹೋಗುತ್ತದೆ. ಪುಕ್ಟ್ಲರ್ ವಿಧಾನದಲ್ಲಿ ಬೇಡವಾದ ಕಡೆ ಬಣ್ಣ ಹತ್ತದಂತೆ ಮೊದಲೇ ಬೇಲಿ ಹಾಕುತ್ತೇವೆ. ಬೇಲಿ ಎರಡು ಪದರಿನದು. ಕ್ಷಾರವು ಅಂಗಾಂಶದ ಧನ ವಿದ್ಯುದಂಶದ ಅಮೈನ್ ಗುಂಪುಗಳನ್ನು ತಟಸ್ಥಗೊಳಿಸುತ್ತದೆ. ಅಷ್ಟಾದರೂ ಅಳಿದುಳಿದ ಸೆಳೆತವನ್ನು ಸೋಡಿಯಂ, ಕ್ಲೋರೈಡ್ ಅಯಾನುಗಳು ಮುಸುಕು ಹಾಕಿ ಅಡಗಿಸುತ್ತವೆ. ಆಗ ಬಣ್ಣಕ್ಕೆ ಉಳಿಯುವ ದಾರಿ ಮೈಚಾಚಿ ಮಲಗುವುದೊಂದೇ, ಮತ್ತು ಅದಕ್ಕೆ ತಕ್ಕ ಹಾಸಿಗೆ ಇರುವುದು ಅಮಿಲಾಯ್ಡಿನಲ್ಲಿ. ಬಟ್ಟೆಯ ಬಾನಿಯಲ್ಲಿ ಬಣ್ಣವನ್ನು ನಾರಿನತ್ತ ಕಳಿಸಿದ ಅದೇ ಉಪ್ಪು ಇಲ್ಲಿ ಕಾವಲುಗಾರ.

ಎರಡು ದಾಸ್ತಾನು ದ್ರಾವಣ ಬೇಕು. ಮೊದಲನೆಯದು ಶೇಕಡ 80ರ ಎಥನಾಲಿನಲ್ಲಿ ಸೋಡಿಯಂ ಕ್ಲೋರೈಡ್ ಇನ್ನು ಕರಗದು ಎನ್ನುವವರೆಗೆ ಹಾಕಿದ್ದು. ಮದ್ಯಸಾರದಲ್ಲಿ ಉಪ್ಪು ಕಡಿಮೆ ಕರಗುತ್ತದೆ, ತಳದಲ್ಲಿ ಹರಳು ಉಳಿದೇ ಇರಬೇಕು. ತಳ ಬರಿದಾಗಿದ್ದರೆ ಇನ್ನಷ್ಟು ಹಾಕಿ. ಎರಡನೆಯದು ಇದೇ ಉಪ್ಪಿನ ದ್ರಾವಣದ 100 ಮಿ.ಲೀ.ಗೆ 0.2 ಗ್ರಾಂ ಕಾಂಗೋ ರೆಡ್ ಸೇರಿಸಿ ಕಲಕಿ, ಒಂದು ದಿನ ಹಾಗೆಯೇ ಬಿಟ್ಟದ್ದು. ಇವೆರಡೂ ತಿಂಗಳುಗಟ್ಟಲೆ ಕೆಡುವುದಿಲ್ಲ. ಬಳಸುವ ಮುನ್ನ ಪ್ರತಿಯೊಂದರ 100 ಮಿ.ಲೀ.ಗೆ ಶೇಕಡ 1ರ ಸೋಡಿಯಂ ಹೈಡ್ರಾಕ್ಸೈಡ್ 1 ಮಿ.ಲೀ. ಸೇರಿಸಿ ಸೋಸಿಕೊಳ್ಳಬೇಕು. ಕ್ಷಾರ ಬಿದ್ದ ಮೇಲೆ ಹದಿನೈದು ನಿಮಿಷದೊಳಗೆ ಬಳಸಲೇಬೇಕು. "ನಾಳೆಗೂ ಆಗುತ್ತದೆ" ಎಂದು ಎತ್ತಿಟ್ಟ ದ್ರಾವಣದಿಂದ ನಾನು ಒಳ್ಳೆಯ ಸ್ಲೈಡ್ ಕಂಡದ್ದೇ ಇಲ್ಲ. ಸೋಸಿದ ಮೇಲೆ ಫಿಲ್ಟರ್ ಕಾಗದವನ್ನು ಎಷ್ಟು ತೊಳೆದರೂ ಅದು ಬಿಳಿಯಾಗುವುದಿಲ್ಲ. ಏಕೆಂದು ನಿಮಗೆ ಈಗ ಗೊತ್ತು.

ಅಂಗಾಂಶವನ್ನು ಹುದುಗಿಸಿದ ಮೇಣದ ಅಚ್ಚಿನಿಂದ ಕತ್ತರಿಸುವ ಪದರ 8ರಿಂದ 10 ಮೈಕ್ರಾನ್ ಇರಲಿ. ಎಲ್ಲರೂ ಎಡವುವುದು ಇಲ್ಲೇ. ಬೇರೆ ಬಣ್ಣಗಳಿಗೆ 3–4 ಮೈಕ್ರಾನ್ ಕತ್ತರಿಸಿ ಕೈ ಪಳಗಿರುತ್ತದೆ, ತೆಳ್ಳಗೆ ಕತ್ತರಿಸುವುದೇ ಹೆಮ್ಮೆ. ಕಾಂಗೋ ರೆಡ್ ಆ ಹೆಮ್ಮೆಗೆ ಮಣಿಯುವುದಿಲ್ಲ. ತೆಳುವಾದ ಪದರದಲ್ಲಿ ಚಿಕ್ಕ ಶೇಖರಣೆ ಇದ್ದೂ ಹಸಿರು ಮಿಂಚದೆ ಹೋಗುತ್ತದೆ. ಮಿತಿಮೀರಿ ದಪ್ಪವಾದರೆ ಹಸಿರು ಹಳದಿಯತ್ತ ತಿರುಗುತ್ತದೆ.

ಮೇಣವನ್ನು ಕ್ಸೈಲೀನಿನಲ್ಲಿ ತೆಗೆದು, ಪ್ರಮಾಣ ಕಡಿಮೆಯಾಗುತ್ತ ಹೋಗುವ ಮದ್ಯಸಾರದ ಮೆಟ್ಟಿಲುಗಳನ್ನು ಇಳಿದು, ನೀರಿಗೆ ಬನ್ನಿ. ಕೋಶಕೇಂದ್ರಗಳಿಗೆ ಹಿಮಟಾಕ್ಸಿಲಿನ್ ಹಾಕಿ ನೀಲಿ ಬರಿಸಿ, ತೊಳೆಯಿರಿ, ಗಾಢವಾಗಿ ಬೇಡ. ಅಲ್ಲಿಂದ ಕ್ಷಾರ ಸೇರಿಸಿದ ಉಪ್ಪಿನ ದ್ರಾವಣದಲ್ಲಿ 20 ನಿಮಿಷ. ಆಮೇಲೆ ತೊಳೆಯದೆ, ನೇರವಾಗಿ ಕ್ಷಾರ ಸೇರಿಸಿದ ಕಾಂಗೋ ರೆಡ್ಡಿನಲ್ಲಿ 20 ನಿಮಿಷ. ಬಣ್ಣದ ದ್ರಾವಣಕ್ಕೆ ಕ್ಷಾರ ಸೇರಿಸುವುದು ಮೊದಲ 20 ನಿಮಿಷ ಮುಗಿಯುವ ಹೊತ್ತಿಗೆ, ಮುಂಚೆಯೇ ಅಲ್ಲ. ನಡುವೆ ನೀರು ಮುಟ್ಟಿಸಿದರೆ ಹಾಕಿದ ಬೇಲಿಯನ್ನು ನೀವೇ ಕಿತ್ತಂತೆ. ಬಣ್ಣದಿಂದ ಹೊರಬಂದ ಸ್ಲೈಡನ್ನು ಶುದ್ಧ ಎಥನಾಲಿನ ಮೂರು ಜಾಡಿಗಳಲ್ಲಿ ಚುರುಕಾಗಿ ಅದ್ದಿ ತೆಗೆದು, ಕ್ಸೈಲೀನಿಗೆ ಹಾಕಿ, ರಾಳದಲ್ಲಿ ಕವರ್‌ಸ್ಲಿಪ್ ಮುಚ್ಚಿ. ಎಥನಾಲಿನಲ್ಲಿ ಸ್ಲೈಡ್ ಬಿಟ್ಟು ಫೋನಿಗೆ ಉತ್ತರಿಸಲು ಹೋಗಬೇಡಿ. ಗಾಜು ಒರೆಸಲು ಎಳೆ ಬಿಡುವ ಬಟ್ಟೆ ಬೇಡವೆಂದು ನಾನು ಬೇರೆಯಾಗಿ ಹೇಳಬೇಕೆ?

ಸ್ಲೈಡುಗಳ ಪ್ರತಿ ತಂಡದ ಜೊತೆಗೂ ಅಮಿಲಾಯ್ಡ್ ಖಚಿತವಾಗಿ ಇರುವ ಅಂಗಾಂಶದ ಸ್ಲೈಡೊಂದು, ಎಂದರೆ ಕಂಟ್ರೋಲ್, ಹೋಗಬೇಕು. ಅದನ್ನು ಆಗಿಂದಾಗ್ಗೆ ಹೊಸದಾಗಿ ಕತ್ತರಿಸಿಕೊಳ್ಳಿ. ಬಿಡುವಾದಾಗ ಐವತ್ತು ಕಂಟ್ರೋಲ್ ಪದರ ಕತ್ತರಿಸಿ ಡಬ್ಬಿಯಲ್ಲಿಟ್ಟು ಬೀಗಿದವಳು ನಾನು. ಕೆಲವು ತಿಂಗಳ ಮೇಲೆ ಕಂಟ್ರೋಲ್ ಮಂಕಾಗತೊಡಗಿತು. ಬಣ್ಣ ಬದಲಿಸಿದೆ, ಉಪ್ಪು ಬದಲಿಸಿದೆ, ಎರಡು ದಿನ ಎಥನಾಲನ್ನು ಬೈದೆ. ತಪ್ಪು ಡಬ್ಬಿಯಲ್ಲಿತ್ತು: ಕತ್ತರಿಸಿಟ್ಟ ಪದರಗಳು ಕಾಲ ಕಳೆದಂತೆ ಬಣ್ಣ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತವೆ. ಅದೇ ಅಚ್ಚಿನಿಂದ ಆ ದಿನವೇ ಕತ್ತರಿಸಿದ ಪದರ ಮೊದಲಿನಂತೆಯೇ ಕೆಂಪಾಯಿತು.

ನೋಡುವುದೂ ಕಲಿಯಬೇಕಾದ ಕೆಲಸ. ಮೊದಲು ಸಾಮಾನ್ಯ ಬೆಳಕಿನಲ್ಲಿ ಗುಲಾಬಿ ಕೆಂಪು ಎಲ್ಲಿದೆಯೆಂದು ಗುರುತಿಸಿಕೊಳ್ಳಿ. ರಕ್ತನಾಳದ ಗೋಡೆಗಳನ್ನು ಬಿಡಬೇಡಿ. ಆಮೇಲೆ ಕೋಣೆಯ ದೀಪ ಆರಿಸಿ, ಸೂಕ್ಷ್ಮದರ್ಶಕದ ಬೆಳಕನ್ನು ಪೂರ್ತಿ ಏರಿಸಿ, ಸ್ಲೈಡಿನ ಕೆಳಗಿನ ಪೋಲರೈಸರ್ ಮತ್ತು ಮೇಲಿನ ಅನಲೈಸರ್ ಎಂಬ ಎರಡೂ ಧ್ರುವೀಕರಣ ಫಿಲ್ಟರುಗಳನ್ನು ಹಿನ್ನೆಲೆ ಕಪ್ಪಾಗುವವರೆಗೆ ಅಡ್ಡಡ್ಡ ತಿರುಗಿಸಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಒಂದೆರಡು ನಿಮಿಷ ಕೊಡಿ. ಕೆಂಪಿದ್ದ ಜಾಗದಲ್ಲಿ ಹಸಿರು ಕಾಣಬೇಕು. ಇಂಗ್ಲಿಷ್ ಪುಸ್ತಕಗಳು ಸೇಬಿನ ಹಸಿರೆನ್ನುತ್ತವೆ; ಸೇಬೆಂದರೆ ಕೆಂಪೇ ನೆನಪಾಗುವ ನನಗೆ ಎಳೆ ಚಿಗುರಿನ ಹಸಿರೆಂದರೆ ಸಲೀಸು. ಸ್ಲೈಡ್ ಕೂರುವ ಸ್ಟೇಜ್ ತಿರುಗಿಸಿದಂತೆ ಅದು ಮಿಂಚಿ, ನಂದಿ, ಮತ್ತೆ ಮಿಂಚುತ್ತದೆ. ಫಿಲ್ಟರುಗಳು ಕೂದಲೆಳೆಯಷ್ಟು ಸರಿದರೆ ಹಸಿರಿನ ಪಕ್ಕ ಹಳದಿಯೋ ನೀಲಿಯೋ ಇಣುಕುತ್ತದೆ. ಗಾಬರಿ ಬೇಡ, ಅದು ಬೆಳಕಿನ ಗುಣ.

ಅಂಗಾಂಶಗಳನ್ನು ಹಿಡಿದಿಡುವ ನಾರಿನಂಥ ಪ್ರೋಟೀನು ಕೊಲ್ಯಾಜೆನ್ ಕೂಡ ಹೊಳೆಯುತ್ತದೆ, ಆದರೆ ಬೆಳ್ಳಿಯಂತೆ ಬಿಳಿಯಾಗಿ. ಬಣ್ಣ ಹೆಚ್ಚಾದ ಸ್ಲೈಡಿನಲ್ಲಿ ಮಾತ್ರ ಅದು ಹಸಿರಿನ ವೇಷ ಹಾಕಿ ಮೋಸ ಮಾಡುತ್ತದೆ. ಹಾಗಾಗಿ ಹಸಿರು ಕಂಡಲ್ಲಿ ಸಾಮಾನ್ಯ ಬೆಳಕಿಗೆ ಮರಳಿ, ಆ ಜಾಗ ಕೆಂಪಾಗಿದೆಯೇ ನೋಡಿ. ಗವಸಿನ ಪಿಷ್ಟದ ಪುಡಿ ಬಿದ್ದಿದ್ದರೆ ದುಂಡು ಕಣದೊಳಗೆ ಶಿಲುಬೆಯ ಗುರುತು ಕಾಣುತ್ತದೆ. ಹತ್ತಿ ಎಳೆಯಾದರೆ ಫೋಕಸ್ ತಿರುಪು ಸತ್ಯ ಹೇಳುತ್ತದೆ. ಒಮ್ಮೆ ತರಬೇತಿಗೆ ಬಂದ ಹುಡುಗ ಕಾಲು ಗಂಟೆ ಇಣುಕಿ "ಸ್ವಲ್ಪ ಹಸಿರಿದೆ, ಮೇಡಂ" ಎಂದ. ನಾನೂ ನೋಡಿದೆ. ಅಲ್ಲಿದ್ದದ್ದು ಅವನ ಆಸೆಯ ಹಸಿರು.

ಸ್ಲೈಡಿನ ಹೊರಗೂ ಈ ಬಣ್ಣಕ್ಕೆ ಕೆಲಸವಿದೆ. ಆಮ್ಲ ಹಾಕಿದಾಗ ಕಂಡ ನೀಲಿಯೇ ಅದರ ಇನ್ನೊಂದು ಉದ್ಯೋಗ. ಪಿಎಚ್ 3.0ಕ್ಕಿಂತ ಕೆಳಗೆ ನೀಲಿ, 5.2ಕ್ಕಿಂತ ಮೇಲೆ ಕೆಂಪು. ಶೇಕಡ 0.1ರ ದ್ರಾವಣದಲ್ಲಿ ಫಿಲ್ಟರ್ ಕಾಗದ ಅದ್ದಿ ಒಣಗಿಸಿ ಕತ್ತರಿಸಿದರೆ ಕಾಂಗೋ ಕಾಗದ ಸಿದ್ಧ. ಮಿಶ್ರಣದಲ್ಲಿ ಪ್ರಬಲ ಆಮ್ಲ ಸಾಕಷ್ಟಿದೆಯೇ ಎಂದು ನೋಡಲು ಲಿಟ್ಮಸ್ಸಿಗಿಂತ ಇದು ಮೇಲು. ಲಿಟ್ಮಸ್ ಸಣ್ಣಪುಟ್ಟ ಹುಳಿಗೆಲ್ಲ ಬಣ್ಣ ಬದಲಿಸುತ್ತದೆ. ಹಳೆಯ ಸಾವಯವ ರಸಾಯನಶಾಸ್ತ್ರದ ವಿಧಾನಗಳಲ್ಲಿ "ಕಾಂಗೋಗೆ ಆಮ್ಲೀಯವಾಗುವವರೆಗೆ" ಎಂಬ ಸೂಚನೆ ಇರುತ್ತದಲ್ಲ, ಅದರ ಅರ್ಥ ಇಷ್ಟೇ: ಕಾಗದ ನೀಲಿಯಾಗುವ ತನಕ ಆಮ್ಲ ಹಾಕಿ.

ಸೂಕ್ಷ್ಮಜೀವಿಗಳ ಜೊತೆ ಕೆಲಸ ಮಾಡುವ ಗೆಳತಿಯೊಬ್ಬಳು ನಮ್ಮ ಬಾಟಲಿಯಿಂದಲೇ ದ್ರಾವಣ ಒಯ್ಯುತ್ತಾಳೆ. ಯಾವ ಬ್ಯಾಕ್ಟೀರಿಯಾ ಸೆಲ್ಯುಲೋಸನ್ನು ಜೀರ್ಣಿಸುತ್ತದೆಂದು ಅವಳಿಗೆ ತಿಳಿಯಬೇಕು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಸೇರಿಸಿದ ಅಗಾರ್ ತಟ್ಟೆಯಲ್ಲಿ ಅವನ್ನು ಬೆಳೆಸಿ, ಮೇಲೆ ಶೇಕಡ 0.1ರ ಕಾಂಗೋ ರೆಡ್ ಸುರಿದು 15 ನಿಮಿಷ ಬಿಟ್ಟು ಬಗ್ಗಿಸುತ್ತಾಳೆ. 1 ಮೋಲಾರ್ ಸೋಡಿಯಂ ಕ್ಲೋರೈಡಿನಲ್ಲಿ ಮತ್ತೆ 15 ನಿಮಿಷ ತೊಳೆಯುತ್ತಾಳೆ. ಸೆಲ್ಯುಲೋಸ್ ಉಳಿದಲ್ಲೆಲ್ಲ ಕೆಂಪು; ಬ್ಯಾಕ್ಟೀರಿಯಾ ತಿಂದು ಮುಗಿಸಿದಲ್ಲಿ ತಿಳಿಹಳದಿಯ ಬಳೆ. ಟೀದರ್ ಮತ್ತು ವುಡ್ 1982ರಲ್ಲಿ ಪ್ರಕಟಿಸಿದ ಉಪಾಯವಿದು. ಫೋಟೊ ತೆಗೆಯುವುದಿದ್ದರೆ ಕೊನೆಯಲ್ಲಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಸುರಿಯಿರಿ. ತಟ್ಟೆ ಕಡುನೀಲಿಯಾಗಿ ಬಳೆ ಎದ್ದು ಕಾಣುತ್ತದೆ.

ಬಳಸಿದ ಬಣ್ಣವನ್ನು ಸಿಂಕಿಗೆ ಚೆಲ್ಲಬೇಡಿ. ಕೆಂಪು ಮುಚ್ಚಳದ ಕ್ಯಾನೊಂದನ್ನು ಅದಕ್ಕೆಂದೇ ಇಟ್ಟು, ಸ್ಲೈಡ್ ತೊಳೆದ ಎಥನಾಲನ್ನೂ ಅದಕ್ಕೇ ಸುರಿದು, ಹೊರಗೆ ಬಣ್ಣದ ಹೆಸರು, "ಬೆಂಜಿಡೀನ್ ಮೂಲದ್ದು, ಮದ್ಯಸಾರವಿದೆ, ಬೆಂಕಿಯಿಂದ ದೂರವಿಡಿ" ಎಂದು ಬರೆದು ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಕೊಡಿ. ಸೋಸಿದ ಕಾಗದ, ಗವಸು, ತಕ್ಕಡಿಯ ಕೆಳಗಿನ ಒದ್ದೆ ಹಾಸು ಬೇರೆ ಚೀಲಕ್ಕೆ. ಮೇಜಿನ ಮೇಲೆ ಕಲೆಯಾದರೆ ಒದ್ದೆ ಕಾಗದದಿಂದ ಒರೆಸಿ, ಹತ್ತಿ ಬಟ್ಟೆಯಿಂದಲ್ಲ; ಕಾಗದವನ್ನು ಎಸೆಯುತ್ತೀರಿ, ಬಟ್ಟೆಯನ್ನು ತೊಳೆದು ಮತ್ತೆ ತರುತ್ತೀರಿ.